ಫೋಟೋದಿಂದ ಕಾರ್ಟೂನಿಗೆ



ಮಧ್ಯಾಹ್ನದ ಊಟದ ಹೊತ್ತಿಗೆ ಶಾಲೆಯ ಅಂಗಳಕ್ಕೆ ತಪ್ಪದೆ ಹಾಜರಾಗುವ ಕಾಗೆಯನ್ನು ನೀವೆಲ್ಲ ನೋಡಿರುವಿರಿ. ಆ ಕಾಗೆಯ ಒಂದು ಫೋಟೋ ತೆಗೆದರೆ ಅದರಲ್ಲಿ ಏನೇನು ಬರುತ್ತದೆ? ಕಾಗೆಯ ಗರಿಗಳು, ಅದು ಕುಳಿತ ಗೋಡೆ, ಗೋಡೆಯ ಮೇಲಿನ ಪಾಚಿ, ಹಿಂದಿನ ತೆಂಗಿನ ಮರ, ಮರದ ನೆರಳು, ಆಕಾಶದ ಮೋಡ ಎಲ್ಲವೂ ಬರುತ್ತವೆ. ಕ್ಯಾಮರಾ ತನ್ನ ಎದುರಿಗಿರುವ ಯಾವುದನ್ನೂ ಬಿಡುವುದಿಲ್ಲ.

ಈಗ ಅದೇ ಕಾಗೆಯನ್ನು ಪೆನ್ಸಿಲಿನಿಂದ ಬರೆದು ನೋಡಿರಿ. ಒಂದು ಕೊಕ್ಕು, ಒಂದು ಕಣ್ಣು, ಬೆನ್ನಿನ ಬಾಗು, ಬಾಲ, ಎರಡು ಕಾಲು. ಕೆಲವೇ ಗೆರೆಗಳಲ್ಲಿ ಕಾಗೆ ಮೂಡಿಬರುತ್ತದೆ. ನೋಡಿದವರು "ಇದು ಕಾಗೆ" ಎಂದು ಕೂಡಲೇ ಹೇಳುತ್ತಾರೆ. ಹಾಗಾದರೆ ಗೋಡೆ, ಪಾಚಿ, ಮೋಡ, ನೆರಳು ಎಲ್ಲಿ ಹೋದವು? ನೀವೇ ಅವುಗಳನ್ನು ಬಿಟ್ಟಿರಿ. ಬೇಕಾದುದನ್ನು ಮಾತ್ರ ಉಳಿಸಿಕೊಂಡಿರಿ. ಕಾರ್ಟೂನಿನ ಗುಟ್ಟು ಇದೇ.

ಫೋಟೋ ಒಂದನ್ನು ಕಂಪ್ಯೂಟರಿನ ಸಹಾಯದಿಂದ ಕಾರ್ಟೂನಿನಂತೆ ಮಾಡಲು ಸಾಧ್ಯವಿದೆ. ಅದು ಹೇಗೆ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಗೆರೆಗಳ ಜಾಣತನ

'ಕಾರ್ಟೂನ್' ಎಂಬ ಮಾತು ಇಟಲಿ ಭಾಷೆಯ 'ಕಾರ್ಟೋನೆ' ಎಂಬ ಪದದಿಂದ ಬಂದಿದೆ. ಕಾರ್ಟೋನೆ ಎಂದರೆ ದಪ್ಪ ಕಾಗದ. ಹಿಂದಿನ ಚಿತ್ರಕಾರರು ಗೋಡೆಯ ಮೇಲೆ ದೊಡ್ಡ ಚಿತ್ರ ಬರೆಯುವ ಮೊದಲು ದಪ್ಪ ಕಾಗದದಲ್ಲಿ ಅದರ ಗೆರೆಗಳನ್ನು ಬರೆದುಕೊಳ್ಳುತ್ತಿದ್ದರು. ಆ ಗೆರೆಚಿತ್ರಕ್ಕೂ ಅದೇ ಹೆಸರು ಬಂತು. 1843ರಲ್ಲಿ ಲಂಡನಿನ 'ಪಂಚ್' ಎಂಬ ಪತ್ರಿಕೆ ತನ್ನ ನಗೆಚಿತ್ರಗಳನ್ನು ಕಾರ್ಟೂನ್ ಎಂದು ಕರೆಯಿತು. ಅಂದಿನಿಂದ ಈ ಹೆಸರು ನಗೆಚಿತ್ರಗಳಿಗೆ ಅಂಟಿಕೊಂಡಿತು. ಕನ್ನಡದಲ್ಲಿ ಇದನ್ನು ವ್ಯಂಗ್ಯಚಿತ್ರ ಎನ್ನುತ್ತೇವೆ.

ನಮ್ಮ ದೇಶದ ಹೆಸರಾಂತ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರು 1921ರಲ್ಲಿ ಮೈಸೂರಿನಲ್ಲಿ ಜನಿಸಿದರು. ಕಾಗೆಯೆಂದರೆ ಅವರಿಗೆ ಬಹಳ ಪ್ರೀತಿ. ಕಾಗೆಯ ಚಿತ್ರಗಳನ್ನು ಅವರು ಮತ್ತೆ ಮತ್ತೆ ಬರೆದರು. ಎಳೆಯ ವಯಸ್ಸಿನಲ್ಲಿ ಕನ್ನಡದ ಹಾಸ್ಯಪತ್ರಿಕೆ 'ಕೊರವಂಜಿ'ಗೂ ಚಿತ್ರ ಬರೆದುಕೊಟ್ಟರು. ಮುಂದೆ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅವರು ಸೃಷ್ಟಿಸಿದ 'ಶ್ರೀಸಾಮಾನ್ಯ' ದೇಶದ ಎಲ್ಲೆಡೆ ಪರಿಚಿತನಾದ. ಧೋತರ, ಚೌಕುಳಿ ಕೋಟು, ದುಂಡು ಕನ್ನಡಕ, ಬೋಳು ತಲೆ. ಇಷ್ಟೇ ಗುರುತುಗಳು. ಅವನು ಮಾತನಾಡುವುದೂ ಇಲ್ಲ. ಆದರೂ ಅವನನ್ನು ಯಾರೂ ಬೇರೆಯವರೆಂದು ತಿಳಿಯಲಾರರು. ಲಕ್ಷ್ಮಣ್ ಅವರು 2015ರಲ್ಲಿ ತೀರಿಕೊಂಡರು. ಅವರ ಶ್ರೀಸಾಮಾನ್ಯನನ್ನು ಜನ ಇಂದಿಗೂ ಮರೆತಿಲ್ಲ.

ನಮ್ಮ ಊರಿನಲ್ಲಿಯೂ ಇದೆ

ಈ ಜಾಣತನವನ್ನು ಕಾಣಲು ನಾವು ದೂರ ಹೋಗಬೇಕಾಗಿಲ್ಲ. ಯಕ್ಷಗಾನದ ಪಿತಾಮಹನೆಂದು ಗೌರವಿಸಲ್ಪಡುವ ಪಾರ್ತಿಸುಬ್ಬ ನಮ್ಮ ಜಿಲ್ಲೆಯ ಕುಂಬಳೆಯವನು. ಯಕ್ಷಗಾನದ ಚೌಕಿಯಲ್ಲಿ ವೇಷಧಾರಿಯು ಕನ್ನಡಿ ಹಿಡಿದು ಬಣ್ಣ ಹಚ್ಚುವುದನ್ನು ನೀವು ನೋಡಿರಬಹುದು. ಹುಬ್ಬನ್ನು ಕಪ್ಪಿನಿಂದ ದಪ್ಪಗೆ ಬರೆಯುತ್ತಾರೆ. ಕಣ್ಣಿನ ಸುತ್ತ ಕಾಡಿಗೆಯ ಗೆರೆ ಎಳೆಯುತ್ತಾರೆ. ಬಣ್ಣದ ವೇಷವಾದರೆ ಮುಖದ ಮೇಲೆ ಬಿಳಿಯ ಚುಟ್ಟಿ ಇಡುತ್ತಾರೆ. ಕೆಂಪು, ಕಪ್ಪು, ಬಿಳಿ ಬಣ್ಣಗಳು ಬೇರೆ ಬೇರೆಯಾಗಿ ಎದ್ದು ಕಾಣುತ್ತವೆ.

ಏಕೆ ಹೀಗೆ? ಹಿಂದೆ ಆಟ ನಡೆಯುತ್ತಿದ್ದುದು ದೀವಟಿಗೆಯ ಬೆಳಕಿನಲ್ಲಿ. ಗದ್ದೆಯ ಕೊನೆಯಲ್ಲಿ ಕುಳಿತವರಿಗೂ ರಾಕ್ಷಸನ ಕೋಪ ಕಾಣಬೇಕಿತ್ತು. ಮುಖದ ಸಣ್ಣ ಸುಕ್ಕುಗಳು ಅಷ್ಟು ದೂರಕ್ಕೆ ಕಾಣುವುದಿಲ್ಲ. ದಪ್ಪ ಗೆರೆ, ಗಟ್ಟಿ ಬಣ್ಣ ಕಾಣುತ್ತವೆ. ಕಾರ್ಟೂನಿನಲ್ಲಿಯೂ ಇವೆರಡೇ ಮುಖ್ಯ. ಗೆರೆ ದಪ್ಪವಾಗಬೇಕು, ಬಣ್ಣಗಳ ಸಂಖ್ಯೆ ಕಡಿಮೆಯಾಗಬೇಕು. ಕಂಪ್ಯೂಟರ್ ಮಾಡುವುದೂ ಈ ಎರಡು ಕೆಲಸಗಳನ್ನೇ.

ಫೋಟೋದೊಳಗಿನ ಲೆಕ್ಕ

ಕಂಪ್ಯೂಟರಿನಲ್ಲಿರುವ ಫೋಟೋವನ್ನು ತುಂಬ ದೊಡ್ಡದು ಮಾಡಿ ನೋಡಿರಿ. ಬಣ್ಣ ಬಣ್ಣದ ಚಿಕ್ಕ ಚೌಕಗಳನ್ನು ಒತ್ತೊತ್ತಾಗಿ ಜೋಡಿಸಿದಂತೆ ಕಾಣುತ್ತದೆ. ಒಂದೊಂದು ಚೌಕಕ್ಕೂ ಪಿಕ್ಸೆಲ್ ಎಂದು ಹೆಸರು. ಪ್ರತಿಯೊಂದು ಪಿಕ್ಸೆಲಿನ ಬಣ್ಣವನ್ನು ಕಂಪ್ಯೂಟರ್ ಮೂರು ಸಂಖ್ಯೆಗಳಾಗಿ ನೆನಪಿಟ್ಟುಕೊಳ್ಳುತ್ತದೆ. ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಎಂಬುದೇ ಆ ಸಂಖ್ಯೆಗಳು. ಸಾಮಾನ್ಯ ಫೋಟೋಗಳಲ್ಲಿ ಒಂದೊಂದು ಸಂಖ್ಯೆಯೂ 0ಯಿಂದ 255ರವರೆಗೆ ಇರಬಹುದು. ಅಂದರೆ ಒಂದೊಂದಕ್ಕೂ 256 ಹಂತಗಳು.

ಗುಣಿಸಿ ನೋಡೋಣ. 256 × 256 × 256 = 1,67,77,216. ಒಂದು ಕೋಟಿ ಅರುವತ್ತೇಳು ಲಕ್ಷಕ್ಕೂ ಹೆಚ್ಚು ಬಣ್ಣಗಳು! ಫೋಟೋ ನಿಜದಂತೆ ಕಾಣುವುದಕ್ಕೆ ಇದೊಂದು ಮುಖ್ಯ ಕಾರಣ. ಈಗ 256 ಹಂತಗಳ ಬದಲಿಗೆ ನಾಲ್ಕೇ ಹಂತಗಳನ್ನು ಇಟ್ಟುಕೊಂಡರೆ? 4 × 4 × 4 = 64. ಅರುವತ್ತನಾಲ್ಕೇ ಬಣ್ಣಗಳು ಉಳಿಯುತ್ತವೆ. ಮೆಲ್ಲಮೆಲ್ಲನೆ ಬದಲಾಗುತ್ತಿದ್ದ ಆಕಾಶದ ನೀಲಿಯು ಎರಡು ಮೂರು ಪಟ್ಟಿಗಳಾಗಿ ಬಿಡುತ್ತದೆ. ಚಿತ್ರಕ್ಕೆ ಪೋಸ್ಟರಿನ ರೂಪ ಬರುತ್ತದೆ. ಆದ್ದರಿಂದಲೇ ಈ ಕೆಲಸಕ್ಕೆ 'ಪೋಸ್ಟರೈಸ್' ಎಂದು ಹೆಸರು.

ಕೆಲಸಕ್ಕೆ ಬೇಕಾದ ಸಾಧನ

ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಕೆಗಾಗಿ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆ ಆರಂಭವಾಯಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ನಮ್ಮ ಶಾಲೆಗಳಲ್ಲಿ ಬಳಸುವುದು ಸ್ವತಂತ್ರ ತಂತ್ರಾಂಶಗಳನ್ನು. ಇವುಗಳನ್ನು ಯಾರೂ ಬಳಸಬಹುದು, ಪ್ರತಿ ಮಾಡಿ ಇತರರಿಗೆ ಕೊಡಬಹುದು, ಹೇಗೆ ಮಾಡಿದ್ದಾರೆ ಎಂದು ಒಳಗೆ ಇಣುಕಿ ನೋಡಬಹುದು. 'ಜಿಂಪ್' ಅಂತಹ ಒಂದು ತಂತ್ರಾಂಶ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಇದನ್ನು ಮಾಡತೊಡಗಿದರು. ಜಿಂಪನ್ನು ತೆರೆದಾಗ ಬಾಯಿಯಲ್ಲಿ ಕುಂಚ ಕಚ್ಚಿಕೊಂಡ ಒಂದು ಪ್ರಾಣಿಯ ಮುಖ ಕಾಣುತ್ತದೆಯಲ್ಲವೇ? ಅದರ ಹೆಸರು ವಿಲ್ಬರ್.

ಬೇಕಲ ಕೋಟೆಯ ಚಿತ್ರ

ಈಗ ಒಂದು ಫೋಟೋ ಆರಿಸಿಕೊಳ್ಳೋಣ. ನಮ್ಮ ಜಿಲ್ಲೆಯ ಬೇಕಲ ಕೋಟೆಯದೇ ಆಗಲಿ. ಕೆಳದಿಯ ಶಿವಪ್ಪ ನಾಯಕನು ಸುಮಾರು 1650ರಲ್ಲಿ ಕಟ್ಟಿಸಿದ ಕೋಟೆ ಇದು. ಕೇರಳದ ಕೋಟೆಗಳಲ್ಲೆಲ್ಲ ದೊಡ್ಡದು. ಮುರಕಲ್ಲಿನ ಕೆಂಪು ಗೋಡೆ, ಅದರಾಚೆ ನೀಲಿ ಕಡಲು, ಮೇಲೆ ಆಕಾಶ. ಕಾರ್ಟೂನಿಗೆ ಒಳ್ಳೆಯ ಚಿತ್ರ. ಕೆಲಸವನ್ನು ಹೀಗೆ ಮಾಡಿರಿ.

1. ಜಿಂಪಿನಲ್ಲಿ ಫೋಟೋ ತೆರೆಯಿರಿ. ಮೂಲ ಫೋಟೋ ಹಾಳಾಗಬಾರದು. ಆದ್ದರಿಂದ 'ಲೇಯರ್' ಪಟ್ಟಿಯಲ್ಲಿ 'ಡೂಪ್ಲಿಕೇಟ್ ಲೇಯರ್' ಒತ್ತಿರಿ. ಒಂದು ಫೋಟೋದ ಮೇಲೆ ಅದರದೇ ಇನ್ನೊಂದು ಪ್ರತಿಯನ್ನು ಇಟ್ಟಂತಾಯಿತು. ನಮ್ಮ ಕೆಲಸವೆಲ್ಲ ಮೇಲಿನ ಪ್ರತಿಯಲ್ಲಿ.

2. 'ಫಿಲ್ಟರ್ಸ್' ಪಟ್ಟಿಯ 'ಬ್ಲರ್' ಎಂಬಲ್ಲಿ 'ಗಾಸಿಯನ್ ಬ್ಲರ್' ಇದೆ. ಅದರಿಂದ ಚಿತ್ರವನ್ನು ಸ್ವಲ್ಪ ಮಸುಕು ಮಾಡಿರಿ. ಸ್ವಲ್ಪ ಮಾತ್ರ.

3. 'ಫಿಲ್ಟರ್ಸ್' ಪಟ್ಟಿಯಲ್ಲಿ 'ಆರ್ಟಿಸ್ಟಿಕ್', ಅದರೊಳಗೆ 'ಕಾರ್ಟೂನ್' ಆರಿಸಿರಿ. ಇದು ಪ್ರತಿಯೊಂದು ಪಿಕ್ಸೆಲನ್ನೂ ಅದರ ಅಕ್ಕಪಕ್ಕದವುಗಳೊಂದಿಗೆ ಹೋಲಿಸುತ್ತದೆ. ಅಕ್ಕಪಕ್ಕಕ್ಕಿಂತ ಹೆಚ್ಚು ಕಪ್ಪಗಿರುವುದನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಹೀಗೆ ವಸ್ತುಗಳ ಅಂಚಿನಲ್ಲಿ ಕಪ್ಪು ಗೆರೆ ಮೂಡುತ್ತದೆ. ಇಲ್ಲಿ ಎರಡು ಅಳತೆಗಳಿವೆ. 'ಮಾಸ್ಕ್ ರೇಡಿಯಸ್' ಎಂಬುದು ಅಕ್ಕಪಕ್ಕ ಎಂದರೆ ಎಷ್ಟು ದೂರ ಎಂಬುದನ್ನು ಹೇಳುತ್ತದೆ. 'ಪರ್ಸೆಂಟ್ ಬ್ಲ್ಯಾಕ್' ಎಂಬುದು ಕಪ್ಪು ಎಷ್ಟಿರಬೇಕು ಎಂಬುದನ್ನು ಹೇಳುತ್ತದೆ. ಎರಡನ್ನೂ ಹೆಚ್ಚು ಕಡಿಮೆ ಮಾಡುತ್ತ ಚಿತ್ರವನ್ನು ಗಮನಿಸಿರಿ.

4. 'ಕಲರ್ಸ್' ಪಟ್ಟಿಯಲ್ಲಿ 'ಪೋಸ್ಟರೈಸ್' ಆರಿಸಿ ಹಂತಗಳನ್ನು ನಾಲ್ಕು, ಐದು ಅಥವಾ ಆರಕ್ಕೆ ಇಳಿಸಿರಿ.

5. ಚಿತ್ರ ಹಿಡಿಸದಿದ್ದರೆ 'ಕಂಟ್ರೋಲ್' ಮತ್ತು 'ಝೆಡ್' ಕೀಲಿಗಳನ್ನು ಒಟ್ಟಿಗೆ ಒತ್ತಿರಿ. ಒಂದು ಹೆಜ್ಜೆ ಹಿಂದಕ್ಕೆ ಹೋಗುವಿರಿ. ಚಿತ್ರ ಹಿಡಿಸಿದರೆ 'ಫೈಲ್' ಪಟ್ಟಿಯಲ್ಲಿ 'ಎಕ್ಸ್‌ಪೋರ್ಟ್ ಆ್ಯಸ್' ಒತ್ತಿ ಹೊಸ ಹೆಸರು ಕೊಟ್ಟು ಉಳಿಸಿರಿ.

ಕಂಪ್ಯೂಟರಿಗೆ ತಿಳಿಯದ ಸಂಗತಿ

ಎರಡನೆಯ ಹೆಜ್ಜೆಯನ್ನು ಬಿಟ್ಟು ಒಮ್ಮೆ ಮಾಡಿ ನೋಡಿರಿ. ಮುರಕಲ್ಲಿನ ಮೈತುಂಬ ಸಣ್ಣ ಸಣ್ಣ ತೂತುಗಳಿರುವುದು ನಿಮಗೆ ಗೊತ್ತು. ಪ್ರತಿಯೊಂದು ತೂತಿನೊಳಗೂ ನೆರಳಿದೆ. ಕಂಪ್ಯೂಟರ್ ಆ ನೆರಳುಗಳನ್ನೆಲ್ಲ ಕಪ್ಪಾಗಿಸುತ್ತದೆ. ಕೋಟೆಯ ಗೋಡೆಯ ಮೇಲೆ ಸಾಸಿವೆ ಚೆಲ್ಲಿದಂತಾಗುತ್ತದೆ! ಮೊದಲೇ ಸ್ವಲ್ಪ ಮಸುಕು ಮಾಡಿದರೆ ತೂತುಗಳು ಮರೆಯಾಗಿ ಕೋಟೆಯ ಆಕಾರ ಉಳಿಯುತ್ತದೆ.

ಆದರೆ ನಿಮಗೆ ಬೇಕಾದುದು ಮುರಕಲ್ಲಿನ ಚಿತ್ರವೇ ಆಗಿದ್ದರೆ? ಆಗ ಆ ತೂತುಗಳೇ ಮುಖ್ಯ. ಅವು ಇರಲೇಬೇಕು. ತೂತು ಬೇಕೋ ಬೇಡವೋ ಎಂಬುದು ಕಂಪ್ಯೂಟರಿಗೆ ತಿಳಿಯದು. ಅದು ಕಪ್ಪೆಷ್ಟು, ಬಿಳಿಯೆಷ್ಟು ಎಂದು ಲೆಕ್ಕ ಮಾಡುತ್ತದೆ. ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂದು ತೀರ್ಮಾನಿಸಬೇಕಾದವರು ನೀವು.

ಮುಖದ ಚಿತ್ರದಲ್ಲಿ ಇದು ಇನ್ನೂ ಮುಖ್ಯ. ಜಿಂಪಿನಲ್ಲಿ 'ತ್ರೆಶೋಲ್ಡ್' ಎಂಬ ಇನ್ನೊಂದು ಸಾಧನವಿದೆ. ಇದು ಚಿತ್ರವನ್ನು ಬರೀ ಕಪ್ಪು ಬಿಳುಪು ಮಾಡುತ್ತದೆ. ಒಂದು ಗಡಿ ಹಾಕಿ, ಅದಕ್ಕಿಂತ ಕಡಿಮೆ ಬೆಳಕಿರುವುದನ್ನೆಲ್ಲ ಕಪ್ಪು, ಹೆಚ್ಚು ಬೆಳಕಿರುವುದನ್ನೆಲ್ಲ ಬಿಳಿ ಮಾಡುತ್ತದೆ. ಮೊದಲು ತೆರೆದಾಗ ಆ ಗಡಿಯು 0 ಮತ್ತು 255ರ ನಡುವೆ, 127ರ ಹತ್ತಿರ ಇರುತ್ತದೆ. ಕಿಟಕಿಗೆ ಬೆನ್ನು ಹಾಕಿ ನಿಂತ ಗೆಳತಿಯ ಫೋಟೋವನ್ನೋ, ಕಪ್ಪು ಮೈಬಣ್ಣದ ಗೆಳೆಯನ ಫೋಟೋವನ್ನೋ ಹಾಗೆಯೇ ಮಾಡಿದರೆ ಮುಖವೆಲ್ಲ ಮಸಿಯಾಗಬಹುದು. ಕಣ್ಣೂ ಕಾಣದು, ನಗುವೂ ಕಾಣದು. ಇದು ಮುಖದ ದೋಷವಲ್ಲ. ಗಡಿಯನ್ನು ಸರಿಯಾದ ಕಡೆ ಇಡಲಿಲ್ಲ, ಅಷ್ಟೇ. ಗಡಿಯ ಸಂಖ್ಯೆಯನ್ನು ಮೆಲ್ಲನೆ ಕಡಿಮೆ ಮಾಡುತ್ತ ಬನ್ನಿರಿ. ಕೆನ್ನೆ ಬೆಳಗುತ್ತದೆ, ಕಣ್ಣು ತೆರೆಯುತ್ತದೆ, ನಗು ಮರಳುತ್ತದೆ. ಫೋಟೋ ತೆಗೆಯುವಾಗಲೇ ಗೆಳತಿಯನ್ನು ಜಗಲಿಯ ಬೆಳಕಿಗೆ ಮುಖ ಮಾಡಿ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ನೋಡಿದವರು ಗುರುತಿಸುವಂತಿದ್ದರೆ ಮಾತ್ರ ಅದು ಅವಳ ಚಿತ್ರ.

ಕೇಳಿಯೇ ಮಾಡೋಣ

ಕಾರ್ಟೂನು ನಗಿಸುತ್ತದೆ. ಆದರೆ ಯಾರನ್ನೂ ಅಳಿಸಿ ನಗಬಾರದು. ಒಬ್ಬರ ಮುಖದ ಫೋಟೋ ಅವರದು. ಅದನ್ನು ಬದಲಿಸುವ ಮೊದಲು "ಮಾಡಲೇ?" ಎಂದು ಕೇಳಬೇಕು. ಮಾಡಿದ ಮೇಲೆ ಮೊದಲು ಅವರಿಗೇ ತೋರಿಸಬೇಕು. "ಬೇಡ" ಎಂದರೆ ಅಳಿಸಿಬಿಡಬೇಕು. ಒಬ್ಬರ ಮೂಗನ್ನೋ ಹಲ್ಲನ್ನೋ ಮೈಬಣ್ಣವನ್ನೋ ಹಂಗಿಸುವುದಕ್ಕಾಗಿ ಚಿತ್ರ ಮಾಡಬಾರದು. ಹಾಗೆ ಮಾಡಿದ ಚಿತ್ರವನ್ನು ಇನ್ನೊಬ್ಬರಿಗೆ ಕಳುಹಿಸಲೂ ಬಾರದು.

ಈಗ ಮೊಬೈಲಿನಲ್ಲಿ ಒಂದೇ ಒತ್ತಿಗೆ ಫೋಟೋವನ್ನು ಕಾರ್ಟೂನು ಮಾಡಿಕೊಡುವ ಆ್ಯಪ್‌ಗಳಿವೆ. ಅವುಗಳಲ್ಲಿ ಹಲವು ನಿಮ್ಮ ಫೋಟೋವನ್ನು ಇಂಟರ್‌ನೆಟ್ಟಿನ ಮೂಲಕ ಎಲ್ಲೋ ದೂರದ ಕಂಪ್ಯೂಟರಿಗೆ ಕಳುಹಿಸುತ್ತವೆ. ಹಾಗೆ ಹೋದ ಫೋಟೋ ನಮ್ಮ ಕೈಯಲ್ಲಿ ಉಳಿಯುವುದಿಲ್ಲ. ಆದುದರಿಂದ ಮನೆಯ ಹಿರಿಯರನ್ನು ಕೇಳದೆ ಅಂತಹ ಕಡೆ ಫೋಟೋ ಹಾಕಬೇಡಿರಿ. ಜಿಂಪಿನಲ್ಲಿ ಮಾಡುವ ಕೆಲಸ ನಿಮ್ಮೆದುರಿನ ಕಂಪ್ಯೂಟರಿನಲ್ಲಿಯೇ ನಡೆಯುತ್ತದೆ. ಒಂದೊಂದು ಹೆಜ್ಜೆಯಲ್ಲಿ ಏನಾಯಿತು ಎಂಬುದನ್ನು ನೀವೇ ನೋಡಬಹುದು.

ನಿಮ್ಮ ಸುತ್ತಲೂ ಚಿತ್ರವಾಗಲು ಕಾದಿರುವ ಎಷ್ಟೋ ಸಂಗತಿಗಳಿವೆ. ಚಂದ್ರಗಿರಿ ಹೊಳೆ, ಅಡಿಕೆ ಒಣಗಿಸಿದ ಅಂಗಳ, ಮೀನಿನ ದೋಣಿ, ಮಳೆಗಾಲದಲ್ಲಿ ಶಾಲೆಗೆ ಬರುವ ಕೊಡೆಗಳ ಸಾಲು. ಒಂದನ್ನು ಆರಿಸಿಕೊಳ್ಳಿರಿ. ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳುವ ಮೊದಲು ಅದನ್ನು ಚೆನ್ನಾಗಿ ನೋಡಿರಿ. ಇದರಲ್ಲಿ ಯಾವುದು ಇಲ್ಲದಿದ್ದರೆ ಇದು ಇದಾಗುವುದಿಲ್ಲ ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ಸಿಕ್ಕಿದ ಉತ್ತರವನ್ನು ಉಳಿಸಿಕೊಂಡು ಚಿತ್ರ ಮಾಡಿರಿ.

ಚಟುವಟಿಕೆಗಳು

1. ಪೋಸ್ಟರೈಸ್ ಮಾಡುವಾಗ ಮೂರು ಹಂತಗಳನ್ನು ಇಟ್ಟುಕೊಂಡರೆ ಒಟ್ಟು ಎಷ್ಟು ಬಣ್ಣಗಳಾಗುತ್ತವೆ? ಎರಡು ಹಂತಗಳಾದರೆ? ಲೆಕ್ಕ ಮಾಡಿರಿ.

2. ಯಕ್ಷಗಾನದ ಮುಖವರ್ಣಿಕೆಗೂ ಕಾರ್ಟೂನಿಗೂ ಇರುವ ಹೋಲಿಕೆಗಳನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.

3. ಶಾಲೆಯ ಒಂದು ಮರದ ಫೋಟೋವನ್ನು ಕಾರ್ಟೂನು ಮಾಡಿರಿ. ಅದೇ ಮರವನ್ನು ಪೆನ್ಸಿಲಿನಿಂದಲೂ ಬರೆಯಿರಿ. ನೀವು ಬಿಟ್ಟದ್ದು ಯಾವುದು, ಕಂಪ್ಯೂಟರ್ ಬಿಟ್ಟದ್ದು ಯಾವುದು? ಪಟ್ಟಿ ಮಾಡಿರಿ.

4. ಟಕ್ಸ್ ಪೇಂಟಿನಲ್ಲಿ ಒಂದು ಚಿತ್ರ ಬರೆದು, ಅದರ 'ಮ್ಯಾಜಿಕ್' ಸಾಧನಗಳಲ್ಲಿರುವ 'ಕಾರ್ಟೂನ್' ಬಳಸಿ ನೋಡಿರಿ. ಏನು ಬದಲಾಯಿತು? ಗೆಳೆಯರೊಂದಿಗೆ ಚರ್ಚಿಸಿರಿ.