ಒಂದು ಲಾರಿ ಲೋಡು ಗುಂಡು

ಸ್ಟೆನ್ ಗನ್ನಿಗೆ ತುಂಬುವ ಒಂಬತ್ತು ಮಿಲಿಮೀಟರ್ ಗುಂಡು ಒಂದರ ತೂಕ ಸುಮಾರು 12 ಗ್ರಾಂ. 20 ಲಕ್ಷ ಗುಂಡಿಗೆ 24 ಟನ್. ರಾತ್ರಿ ಹತ್ತರ ಮೇಲೆ ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿನಲ್ಲಿ ನಿಂತು ನೋಡಿ, ಅಷ್ಟು ಭಾರ ಹೊರುವ ಹದಿನಾಲ್ಕು ಚಕ್ರದ ಲಾರಿಗಳು ಹೊಸಕೋಟೆ ಕಡೆಗೆ ಒಂದರ ಹಿಂದೊಂದು ಹೋಗುತ್ತಿರುತ್ತವೆ. ಅವುಗಳಲ್ಲಿ ಒಂದು ಸಾಕು. ಆ ಒಂದು ಲೋಡಿಗಾಗಿ 45 ಜನ ಮೂರು ವರ್ಷ ನೆಲದೊಳಗೆ ದುಡಿದರು.

ಜಾಗ ಪ್ಯಾಲೆಸ್ಟೀನಿನ ರೆಹೊವೊತ್ ಊರಿನ ಪಕ್ಕದ ದಿಬ್ಬ. ಕಾರ್ಖಾನೆಯ ಗುಟ್ಟಿನ ಹೆಸರು ಅಯಲೋನ್ ಇನ್‌ಸ್ಟಿಟ್ಯೂಟ್. ನಡೆಸಿದ್ದು ಹಗಾನಾ: ಯಹೂದಿ ಊರುಗಳ ಕಾವಲಿಗೆಂದು 1920ರಲ್ಲಿ ಹುಟ್ಟಿ, ಬರಬರುತ್ತ ಭೂಗತ ಸೇನೆಯಾಗಿಯೇ ಬೆಳೆದ ಸಂಘಟನೆ. ಅಕ್ರಮವಾಗಿ ಆಯುಧ ಹಿಡಿದು ಸಿಕ್ಕಿಬಿದ್ದರೆ ಅಲ್ಲಿ ಆಳುತ್ತಿದ್ದ ಬ್ರಿಟಿಷ್ ಸರ್ಕಾರ ನೇಣಿಗೂ ಹಾಕಬಹುದಾಗಿದ್ದ ಕಾಲವದು. ಗುಂಡು ತಯಾರಿಸುವ ಯಂತ್ರಗಳನ್ನು ಪೋಲೆಂಡಿನಲ್ಲಿ 1938ರಲ್ಲೇ ಕೊಂಡಿದ್ದರು. ಅವು ವರ್ಷಗಟ್ಟಲೆ ಬೇರೂತ್‌ನಲ್ಲಿ ಕೊಳೆತು ಆಮೇಲೆ ಬಂದವು. 1945ರಲ್ಲಿ ಮೂರೇ ವಾರದಲ್ಲಿ ನೆಲ ಅಗೆದು, 26 ಅಡಿ ಆಳದಲ್ಲಿ ಟೆನಿಸ್ ಕೋರ್ಟಿನಷ್ಟು ದೊಡ್ಡ ಹಾಲ್ ಕಟ್ಟಿದರು. ನಮ್ಮ ಬೆಂಗಳೂರು ಲೆಕ್ಕದಲ್ಲಿ 30-40 ಸೈಟು ಎರಡು ಚಿಲ್ಲರೆ.

ಮೇಲೆ ಒಂದು ಕಿಬ್ಬುತ್ಸ್, ಅಂದರೆ ಸಾಮೂಹಿಕ ಬೇಸಾಯದ ಹಳ್ಳಿ. ಒಂದು ಬೇಕರಿ, ಒಂದು ಲಾಂಡ್ರಿ. ಲಾಂಡ್ರಿಯಲ್ಲಿ ಬಟ್ಟೆ ಒಗೆಯುವ ದೊಡ್ಡ ಯಂತ್ರವನ್ನು ಪಕ್ಕಕ್ಕೆ ಸರಿಸಿದರೆ ಕೆಳಗಿಳಿಯುವ ದಾರಿ. ಬೇಕರಿಯ ಹತ್ತು ಟನ್ನಿನ ಒಲೆಯ ಕೆಳಗೆ ಯಂತ್ರ, ಸಾಮಾನು ಇಳಿಸುವ ಇನ್ನೊಂದು ಬಾಯಿ. ಯಂತ್ರಗಳ ಸದ್ದನ್ನು ಲಾಂಡ್ರಿಯ ಗಡಗಡ ನುಂಗುತ್ತಿತ್ತು. ದಿನವಿಡೀ ನೆಲದಡಿ ಇದ್ದವರು ಬಿಳಿಚಿಕೊಂಡರೆ ಅನುಮಾನ ಬರುತ್ತದಲ್ಲ, ಅದಕ್ಕೆ ನೇರಳಾತೀತ ದೀಪದ ಮುಂದೆ ಕೂರಿಸಿ ಮೈಗೆ ಬಿಸಿಲಿನ ಬಣ್ಣ ಬರಿಸುತ್ತಿದ್ದರು. ಮೇಲೆ ಹತ್ತುವ ಮುಂಚೆ ಚಪ್ಪಲಿಯಡಿ ಹಿತ್ತಾಳೆ ಚೂರು ಸಿಕ್ಕಿದೆಯೇ ಎಂದು ನೋಡಬೇಕಿತ್ತು. ಅದೇ ಲಾಂಡ್ರಿಯಲ್ಲಿ ಬ್ರಿಟಿಷ್ ಸೈನಿಕರ ಬಟ್ಟೆಯನ್ನೂ ಒಗೆದುಕೊಡುತ್ತಿದ್ದರು! ಧೈರ್ಯ ಎನ್ನಬೇಕೋ ಭಂಡತನ ಎನ್ನಬೇಕೋ.

ಕೆಲಸವೇನೋ ತಗಡಿನ ಕೆಲಸವೇ. ಹಿತ್ತಾಳೆ ತಗಡಿನಿಂದ ಬಿಲ್ಲೆ ಕತ್ತರಿಸುವುದು, ಪ್ರೆಸ್ಸಿನಲ್ಲಿ ಬಟ್ಟಲಾಗಿ ಒತ್ತುವುದು, ಬಟ್ಟಲನ್ನು ಎಳೆದೆಳೆದು ಕೊಳವೆ ಮಾಡುವುದು, ಮದ್ದು ತುಂಬಿ ತುದಿಗೆ ಸೀಸದ ಗುಂಡು ಕೂರಿಸುವುದು. ಬಿರುಸಿನ ದಿನಗಳಲ್ಲಿ ದಿನಕ್ಕೆ 40,000 ಗುಂಡು ಹೊರಬರುತ್ತಿತ್ತಂತೆ. ಆ ವೇಗದಲ್ಲಿ 20 ಲಕ್ಷ ಗುಂಡಿಗೆ 50 ದಿನ ಸಾಕಲ್ಲ, ಮೂರು ವರ್ಷ ಯಾಕೆ? ಎಲ್ಲ ದಿನವೂ ಬಿರುಸಾಗಿರಲಿಲ್ಲ ಎಂದೇ ಅರ್ಥ. ಸರಾಸರಿ ತೆಗೆದರೆ ದಿನಕ್ಕೆ ಸಾವಿರದ ಎಂಟುನೂರು ಚಿಲ್ಲರೆ. ಹಿತ್ತಾಳೆ ತರಿಸುವುದೇ ಒಂದು ನಾಟಕ. ಲಿಪ್‌ಸ್ಟಿಕ್ ಡಬ್ಬಿ ಮಾಡುತ್ತೇವೆ ಎಂದು ಅಧಿಕಾರಿಗಳನ್ನು ನಂಬಿಸಿ, ನಾಲ್ಕು ಲಿಪ್‌ಸ್ಟಿಕ್ಕನ್ನು ಅವರಿಗೇ ಉಡುಗೊರೆ ಕೊಟ್ಟರಂತೆ.

ಇನ್ನು ಖರ್ಚಿನ ಲೆಕ್ಕ ನೋಡಿ. ಸ್ಟೆನ್ ಗನ್ ನಿಮಿಷಕ್ಕೆ ಸುಮಾರು 500 ಗುಂಡು ಕಕ್ಕುತ್ತದೆ. 32 ಗುಂಡಿನ ಮ್ಯಾಗಜಿನ್ ನಾಲ್ಕು ಸೆಕೆಂಡಿನಲ್ಲಿ ಖಾಲಿ. ಒಂದೇ ಬಂದೂಕು ನಿಲ್ಲದೆ ಹಾರಿಸಿದರೆ 20 ಲಕ್ಷ ಗುಂಡು 4,000 ನಿಮಿಷ ಬರುತ್ತದೆ, ಅಂದರೆ 67 ಗಂಟೆಗೂ ಸ್ವಲ್ಪ ಕಡಿಮೆ. 45 ಜನರ ಮೂರು ವರ್ಷದ ಕತ್ತಲವಾಸ, ಒಂದು ಬಂದೂಕಿನ ಬಾಯಿಗೆ ಮೂರು ದಿನವೂ ಬರಲಿಲ್ಲ. ಭೂಗತ ಸೇನೆಯ ಕತೆ ಹೇಳುವವರು ಸಾಹಸ ಹೇಳುತ್ತಾರೆ, ಈ ಭಾಗಾಕಾರ ಹೇಳುವುದಿಲ್ಲ. ನನಗೆ ಮಾತ್ರ ಇದೇ ದಿಗಿಲು ಹುಟ್ಟಿಸಿದ್ದು.

ಬ್ರಿಟಿಷರೇನೂ ಕೈಕಟ್ಟಿ ಕೂತಿರಲಿಲ್ಲ. 1946ರ ಜೂನ್ 29ರಂದು ಸುಮಾರು 17,000 ಸೈನಿಕರನ್ನು ಬಿಟ್ಟು ನಾಡೆಲ್ಲ ಜಾಲಾಡಿ 2,700 ಜನರನ್ನು ಹಿಡಿದರು. ಯಾಗುರ್ ಎಂಬ ಒಂದೇ ಕಿಬ್ಬುತ್ಸ್‌ನಲ್ಲಿ 300ಕ್ಕೂ ಹೆಚ್ಚು ರೈಫಲ್, ನಾಲ್ಕು ಲಕ್ಷ ಗುಂಡು, 5,000 ಗ್ರೆನೇಡ್ ಸಿಕ್ಕವು. ಅಯಲೋನ್ ಮಾತ್ರ ಕೊನೆಯವರೆಗೂ ಸಿಗಲಿಲ್ಲ. 1948ರ ಮೇ ತಿಂಗಳಲ್ಲಿ ಇಸ್ರೇಲ್ ಹುಟ್ಟಿತು. ತಿಂಗಳ ಕೊನೆಗೆ ಹಗಾನಾವೇ ಅದರ ಸೇನೆಯಾಯಿತು.

ಈ ಲೆಕ್ಕಕ್ಕೆ ಬೆಂಗಳೂರಿನದೂ ಒಂದು ಸಾಲಿದೆ. ಹಗಾನಾ ಹುಟ್ಟುವುದಕ್ಕೆ ಎರಡು ವರ್ಷ ಮೊದಲು, 1918ರ ಸೆಪ್ಟೆಂಬರ್ 23ರಂದು, ಅಲ್ಲಿಯ ಹೈಫಾ ಬಂದರನ್ನು ತುರ್ಕರಿಂದ ಕಿತ್ತು ಬ್ರಿಟಿಷರ ಕೈಗೆ ಕೊಟ್ಟದ್ದು ಮೈಸೂರು ಮತ್ತು ಜೋಧ್‌ಪುರದ ಲ್ಯಾನ್ಸರುಗಳು. ಕುದುರೆ ಮತ್ತು ಭರ್ಜಿಯ ಬಲದಲ್ಲಿ ಅವರು ಸೆರೆಹಿಡಿದದ್ದು 1,350 ಜನರನ್ನು. ಮೈಸೂರು ಲ್ಯಾನ್ಸರುಗಳ ಸ್ಮಾರಕ ಈಗಲೂ ಜೆ.ಸಿ. ನಗರದಲ್ಲಿದೆ. ಅದೇ ಹೈಫಾವನ್ನು 1948ರ ಏಪ್ರಿಲ್‌ನಲ್ಲಿ ಹಗಾನಾ ಹಿಡಿಯಿತು. ಅಲ್ಲಿದ್ದ 60 ಸಾವಿರಕ್ಕೂ ಹೆಚ್ಚು ಅರಬರಲ್ಲಿ ಕೊನೆಗೆ ಉಳಿದವರು ಮೂರು-ನಾಲ್ಕು ಸಾವಿರ.