ನಕ್ಷತ್ರವೊಂದಕ್ಕೆ 41 ಸೆಂಟ್, ನೋಡುವವರಿಗೆ ಸೊನ್ನೆ

ನ್ಯೂ ಜೆರ್ಸಿಯ ಪಿಸ್ಕಾಟವೇ ಇರುವುದು 40.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಬೆಂಗಳೂರು 13 ಡಿಗ್ರಿಯಲ್ಲಿ. ನಡುವಿನ 27.5 ಡಿಗ್ರಿ ಅಂತರದಿಂದಾಗಿ ಪಿಸ್ಕಾಟವೇಯ ಕನ್ನಡ ಮನೆಗಳಿಗೆ ಊರಿನ ಆಕಾಶದ ಒಂದು ಪಾಲು ತಪ್ಪಿಹೋಗಿದೆ. ಅದನ್ನು ಮಕ್ಕಳಿಗೆ ತೋರಿಸಲು ಎಷ್ಟು ಖರ್ಚಾದೀತು?

ಎರಡು ಊರು, ಎರಡು ಆಕಾಶ

• ಧ್ರುವ: ಬೆಂಗಳೂರಿನಲ್ಲಿ ದಿಗಂತದಿಂದ 13 ಡಿಗ್ರಿ ಎತ್ತರ, ಪಿಸ್ಕಾಟವೇಯಲ್ಲಿ 40.5.
• ಅಗಸ್ತ್ಯ: ಬೆಂಗಳೂರಿನಲ್ಲಿ 24 ಡಿಗ್ರಿವರೆಗೆ ಏರುತ್ತದೆ. ಪಿಸ್ಕಾಟವೇಯಲ್ಲಿ ಹುಟ್ಟುವುದೇ ಇಲ್ಲ, ದಿಗಂತಕ್ಕಿಂತ ಸುಮಾರು 3 ಡಿಗ್ರಿ ಕೆಳಗೇ ಹಾದುಹೋಗುತ್ತದೆ.
• ವಸಿಷ್ಠ: ಬೆಂಗಳೂರಿನಲ್ಲಿ ದಿನವೂ ಮುಳುಗುತ್ತದೆ, ಪಿಸ್ಕಾಟವೇಯಲ್ಲಿ ಎಂದೂ ಮುಳುಗದು.

ಕಣ್ಣಿಗೆಷ್ಟು, ಪರದೆಗೆಷ್ಟು?

ಕಗ್ಗತ್ತಲಿನಲ್ಲಿ ಬರಿಗಣ್ಣಿಗೆ ನಿಲುಕುವ ನಕ್ಷತ್ರಗಳು ಇಡೀ ಆಕಾಶದಲ್ಲಿ ಸುಮಾರು 9,000. ಅರ್ಧ ಆಕಾಶ ಸದಾ ದಿಗಂತದ ಕೆಳಗಿರುವುದರಿಂದ ಒಮ್ಮೆಗೆ ಕಾಣುವುದು 4,500. ಊರ ದೀಪಗಳ ಬೆಳಕಿನಲ್ಲಿ ಕಣ್ಣು 4ನೇ ಕಾಂತಿಮಾನಕ್ಕೇ (ಕಾಂತಿಮಾನವೆಂದರೆ ನಕ್ಷತ್ರದ ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ಹೊಳಪು ಕಡಿಮೆ) ಸೋತರೆ ಉಳಿಯುವುದು ಸುಮಾರು 250.

ಫೇಬಿಯನ್ ಶೆರೋ 2000ರಲ್ಲಿ ಆರಂಭಿಸಿದ ‘ಸ್ಟೆಲೇರಿಯಂ’ ತಂತ್ರಾಂಶ ಹಾಕಿಕೊಂಡ ಕೂಡಲೇ 6 ಲಕ್ಷಕ್ಕೂ ಹೆಚ್ಚು ನಕ್ಷತ್ರಗಳನ್ನು ತೋರಿಸುತ್ತದೆ. ಬೇಕೆನಿಸಿದರೆ ಕೋಟಿಗಟ್ಟಲೆ ಸೇರಿಸಿಕೊಳ್ಳಬಹುದು. 2001ರ ‘ಸೆಲೆಸ್ಟಿಯಾ’ದಲ್ಲಿ ಭೂಮಿಯನ್ನು ಬಿಟ್ಟು ನಕ್ಷತ್ರಗಳ ನಡುವೆಯೇ ಸಂಚರಿಸಬಹುದು. ನ್ಯೂಯಾರ್ಕಿನ ಹೇಡನ್ ತಾರಾಲಯ ‘ಡಿಜಿಟಲ್ ಯೂನಿವರ್ಸ್’ ಎಂಬ ವಿಶ್ವದ ಮೂರು ಆಯಾಮದ ನಕ್ಷೆಯನ್ನೇ ಸಿದ್ಧಪಡಿಸಿದೆ. ಮೂರಕ್ಕೂ ಬೆಲೆ 0 ಡಾಲರ್.

ಹಣ ಕೊಟ್ಟವರು ಯಾರು?

ಈ ಸೊನ್ನೆಯ ಹಿಂದೆ ದೊಡ್ಡ ಮೊತ್ತವಿದೆ. ಇಂಥ ತಂತ್ರಾಂಶಗಳು ನೆಚ್ಚಿಕೊಂಡಿರುವುದು ಉಪಗ್ರಹಗಳು ಅಳೆದು ಕೊಟ್ಟ ಪಟ್ಟಿಗಳನ್ನು. ಯುರೋಪಿನ ಹಿಪ್ಪಾರ್ಕಸ್ ಉಪಗ್ರಹ 1,18,218 ನಕ್ಷತ್ರಗಳ ಸ್ಥಾನವನ್ನು ಅಳೆಯಿತು. ಆ ಪಟ್ಟಿ 1997ರಲ್ಲಿ ಹೊರಬಂತು. 2013ರ ಡಿಸೆಂಬರಿನಲ್ಲಿ ಹಾರಿದ ಗಯಾ ನೌಕೆಯ ವೆಚ್ಚ ಸುಮಾರು 74 ಕೋಟಿ ಯೂರೋ. ಅದರ 2022ರ ಪಟ್ಟಿಯಲ್ಲಿರುವ ಆಕಾಶಕಾಯಗಳು ಸುಮಾರು 181 ಕೋಟಿ, ಹೆಚ್ಚಿನವು ನಕ್ಷತ್ರಗಳೇ. ಭಾಗಿಸಿದರೆ ಒಂದಕ್ಕೆ 41 ಯೂರೋ ಸೆಂಟ್ ಬೀಳುತ್ತದೆ. ತೆರಿಗೆ ಕಟ್ಟಿದವರ ಹಣದಿಂದ ಸಿಕ್ಕ ಮಾಹಿತಿಯನ್ನು ಬೀಗ ಹಾಕದೆ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ತಂತ್ರಾಂಶ ಬರೆದ ಅನೇಕರು ಸಂಬಳವಿಲ್ಲದೆ ದುಡಿದಿದ್ದಾರೆ. ಸೊನ್ನೆ ಬೆಲೆಯ ಕೀರ್ತಿ ಈ ಇಬ್ಬರಿಗೂ ಸಲ್ಲಬೇಕು.

ಬಳಸುವುದು ಹೇಗೆ?

ಫೆಬ್ರವರಿ ಮಧ್ಯಭಾಗದಲ್ಲಿ ರಾತ್ರಿ 9ರ ಹೊತ್ತಿಗೆ ಬೆಂಗಳೂರಿನ ದಕ್ಷಿಣಕ್ಕೆ ಅಗಸ್ತ್ಯ ತನ್ನ ಗರಿಷ್ಠ ಎತ್ತರದಲ್ಲಿರುತ್ತದೆ. ಪಿಸ್ಕಾಟವೇಯಲ್ಲಿ ಆಗ ಬೆಳಗಿನ 10.30. ಸ್ಟೆಲೇರಿಯಂನಲ್ಲಿ ಎಫ್6 ಒತ್ತಿ, ಸ್ಥಳಕ್ಕೆ ಬೆಂಗಳೂರನ್ನು ಆರಿಸಿದರೆ ಸಾಕು. ಅಂಗಳದಲ್ಲಿ ನಿಂತ ಅಜ್ಜ ಫೋನಿನಲ್ಲಿ ಹೇಳುವ ನಕ್ಷತ್ರವನ್ನು ಮೊಮ್ಮಗಳು ಅದೇ ಗಳಿಗೆಯಲ್ಲಿ ಪರದೆಯ ಮೇಲೆ ಹುಡುಕಬಹುದು.

ಪರದೆ ದಾರಿ ತೋರಿಸಿದ ಮೇಲೆ ಹೊರಗೆ ಬಂದು ನಿಜವಾದ ಆಕಾಶವನ್ನೂ ನೋಡಬೇಕು. ಪಿಸ್ಕಾಟವೇಯಲ್ಲಿರುವ ರಟ್ಗರ್ಸ್ ವಿಶ್ವವಿದ್ಯಾಲಯದ ಬುಶ್ ಆವರಣದಲ್ಲಿ ಶೊಮ್ಮರ್ ವೀಕ್ಷಣಾಲಯವಿದೆ. ಅದರ 20 ಅಂಗುಲದ ದೂರದರ್ಶಕ 7 ಮಿಲಿಮೀಟರಿನಷ್ಟು ಅರಳಿದ ಕಣ್ಣಿನ ಪಾಪೆಗಿಂತ 5,000 ಪಟ್ಟು ಹೆಚ್ಚು ಬೆಳಕನ್ನು ಹಿಡಿಯುತ್ತದೆ.

ವಾರಾಂತ್ಯದ ಕನ್ನಡ ತರಗತಿಗಳಲ್ಲಿ ಅಕ್ಷರಮಾಲೆ, ಹಾಡು, ಕಥೆಗಳ ಜೊತೆ ಒಂದು ತಾಸು ಇದಕ್ಕೂ ಮೀಸಲಿಡಲಿ. ಒಂದು ಲ್ಯಾಪ್‌ಟಾಪ್, ಒಂದು ಖಾಲಿ ಗೋಡೆ, ಒಂದು ಪ್ರೊಜೆಕ್ಟರ್ ಇದ್ದರೆ ಆಯಿತು. ಸಪ್ತರ್ಷಿ, ಅರುಂಧತಿ, ಅಗಸ್ತ್ಯ, ತ್ರಿಶಂಕು ಎಂಬ ಹೆಸರುಗಳನ್ನು ಮಕ್ಕಳು ಅವುಗಳ ಜಾಗದಲ್ಲೇ ಗುರುತಿಸಿ ಕಲಿಯುತ್ತಾರೆ.