ಚಿನ್ನದ ಗಣಿಯೂರಿನ ಪಾಸ್ಟರ್

"ತಾತಾ, ನಿಮಗೆ ವಾರಕ್ಕೆ ಒಂದೇ ದಿನ ಕೆಲಸ ಇತ್ತಂತೆ, ಹೌದಾ?"

ಐದನೇ ತರಗತಿಯ ಮೊಮ್ಮಗಳು ಹೀಗೆ ಕೇಳಿದಾಗ ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಕೋಲಾರದ ಚಿನ್ನದ ಗಣಿಯೂರು ಕೆಜಿಎಫ್‌ನ ಲೂಥರನ್ ಸಭೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಸ್ಟರ್ ಆಗಿದ್ದವನು ನಾನು. ಭಾನುವಾರದ ಆರಾಧನೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಾಯಿಲೆಯವರ ಬಳಿ ಕೂರುವುದು, ಮನೆಜಗಳ ಬಿಡಿಸುವುದು, ಪಿಂಚಣಿ ಅರ್ಜಿ ಬರೆದುಕೊಡುವುದು, ತೀರಿಕೊಂಡವರನ್ನು ಮಣ್ಣು ಮಾಡುವುದು, ಇವೆಲ್ಲ ಉಳಿದ ಆರು ದಿನದ ಕೆಲಸ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕಥೆ ಹೇಳಿದೆ. ಅದನ್ನೇ ನಿಮಗೂ ಹೇಳುತ್ತೇನೆ.

ನಾನು ಅಲ್ಲಿಗೆ ಹೋದದ್ದು 1978ರಲ್ಲಿ. ಬೀದಿಯಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಬೆರೆತ ಮಾತು. ಊರು ನಡೆಯುತ್ತಿದ್ದುದು ಗಣಿಯ ಸೈರನ್ ಲೆಕ್ಕದಲ್ಲಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತಲೂ ಆಳ. ಒಳಗೆ ಒಲೆಯಂಥ ಬಿಸಿ. ಒಮ್ಮೊಮ್ಮೆ ಭೂಮಿಯಡಿ ಬಂಡೆ ಸಿಡಿದರೆ ಮೇಲೆ ಮನೆಯ ಪಾತ್ರೆಗಳು ಅಲುಗಾಡುತ್ತಿದ್ದವು. ಆಗ ಹೆಂಗಸರೆಲ್ಲ ಬಾಗಿಲಿಗೆ ಬಂದು, ಮಾತಿಲ್ಲದೆ ಗಣಿಯ ಕಡೆ ನೋಡುತ್ತಾ ನಿಲ್ಲುತ್ತಿದ್ದರು.

ಅಲ್ಲಿನ ಮಕ್ಕಳಿಗೆ ನಾನು ತಪ್ಪದೆ ಹೇಳುತ್ತಿದ್ದ ಸಂಗತಿ ಒಂದಿತ್ತು. ನಮ್ಮ ಸಭೆಗೆ ಯಾರ ಹೆಸರಿದೆಯೋ ಆ ಮಾರ್ಟಿನ್ ಲೂಥರ್ 1483ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. ಅವರ ತಂದೆಯೂ ಗಣಿಯನ್ನೇ ನಂಬಿ ಬದುಕಿದವರು, ಅದು ತಾಮ್ರದ ಗಣಿ. "ನಮ್ಮಪ್ಪನ ಥರಾನೇ!" ಎಂದು ಮಕ್ಕಳ ಮುಖ ಅರಳುತ್ತಿತ್ತು. ಪಾದ್ರಿಯ ಕೆಲಸ ಮಾತ್ರ ದೊಡ್ಡದಲ್ಲ, ಪ್ರಾಮಾಣಿಕವಾಗಿ ಮಾಡಿದ ಯಾವ ಕೆಲಸವೂ ದೇವರ ಸೇವೆಯೇ ಎಂಬುದು ಲೂಥರ್ ಕಲಿಸಿದ ಪಾಠ. ಇಪ್ಪತ್ತಮೂರು ವರ್ಷ ನಾನು ಅದನ್ನೇ ಬೋಧಿಸಿದೆ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಕೆಲವು ದಿನಗಳ ನಂತರ ಒಂದು ಸಂಜೆ ಸಭೆಯ ಹಿರಿಯರೊಬ್ಬರು ಮನೆಗೆ ಬಂದರು. ಗಣಿಯೊಳಗೆ ಛಾವಣಿ ಕುಸಿಯದಂತೆ ಮರದ ಆಸರೆ ಕೊಡುವುದು ಅವರ ಕೆಲಸವಾಗಿತ್ತು. "ಅಯ್ಯಾ, ಕೆಲಸವೇ ದೇವರ ಸೇವೆ ಅಂತ ನೀವೇ ಹೇಳ್ತಿದ್ರಿ. ಈಗ ಕೆಲಸ ಇಲ್ಲ. ಹಾಗಾದ್ರೆ ನಾನು ಯಾರಿಗೆ ಬೇಕು?"

ನಾನು ಬೈಬಲ್ ತೆರೆದು ಒಂದು ವಚನ ಓದಿ, ತಾಳ್ಮೆ ಇರಲಿ ಎಂದೆ. ಅವರು ಟವೆಲನ್ನು ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ಆಮೇಲೆ ತಿಂಗಳುಗಟ್ಟಲೆ ಆರಾಧನೆಗೆ ಬರಲಿಲ್ಲ. ನನ್ನ ಸೇವೆಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದು. ಅವರು ಕೇಳಿದ್ದು ಒಂದು, ನಾನು ಕೊಟ್ಟ ಉತ್ತರ ಇನ್ನೊಂದು.

ಆ ಪ್ರಶ್ನೆ ನನ್ನ ನಿದ್ದೆ ಕೆಡಿಸಿತು. ಹಳೆಯ ಪುಸ್ತಕಗಳನ್ನು ಮತ್ತೆ ತೆಗೆದು ಓದಿದೆ. ತಂದೆಯಾಗಿರುವುದು, ತಾಯಿಯಾಗಿರುವುದು, ನೆರೆಯವನಾಗಿರುವುದು, ಇವೂ ದೇವರು ಕೊಟ್ಟ ಕೆಲಸಗಳೇ ಎಂದು ಲೂಥರ್ ಹೇಳಿದ್ದರು. 1529ರಲ್ಲಿ ಅವರು ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕವೂ ಮನೆಯ ಹಿರಿಯರು ಮಕ್ಕಳಿಗೆ ಕಲಿಸಲೆಂದೇ ಇದ್ದದ್ದು. ನಾನು ಮಾತ್ರ ಸಂಬಳದ ಕೆಲಸದ ಬಗ್ಗೆಯೇ ಹೆಚ್ಚು ಮಾತಾಡಿಬಿಟ್ಟಿದ್ದೆ.

ಅಷ್ಟರಲ್ಲಿ ಊರಿನ ದಿನಚರಿ ಬದಲಾಗಿತ್ತು. ನಸುಕಿನಲ್ಲೇ ಮಾರಿಕುಪ್ಪಂನಿಂದ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋದ ಅಪ್ಪ ಅಮ್ಮಂದಿರು ಮನೆ ಸೇರುವಾಗ ಕತ್ತಲಾಗುತ್ತಿತ್ತು. ಶಾಲೆ ಬಿಟ್ಟ ಮಕ್ಕಳು ಬೀದಿಯಲ್ಲೇ ಇರುತ್ತಿದ್ದರು. ನಾನು ಆ ಹಿರಿಯರ ಮನೆಗೆ ಹೋದೆ. ಆರಾಧನೆಗೆ ಬನ್ನಿ ಎನ್ನಲಿಲ್ಲ. "ಅಣ್ಣಾ, ಚರ್ಚಿನ ಹಾಲ್‌ನಲ್ಲಿ ಸಂಜೆ ಮಕ್ಕಳನ್ನು ಕೂರಿಸ್ತೀನಿ. ಲೆಕ್ಕ ಹೇಳಿಕೊಡೋರು ಬೇಕು" ಎಂದೆ.

"ನಾನು ಓದಿದ್ದು ಏಳನೇ ಕ್ಲಾಸು."

"ಅಡಿ, ಅಂಗುಲ ಅಳೆದು ಮರ ಕೊಯ್ದವರಲ್ವಾ? ಅದು ಲೆಕ್ಕ ಅಲ್ದೆ ಮತ್ತೇನು?"

ಅವರು ಉತ್ತರ ಕೊಡಲಿಲ್ಲ. ಮಾರನೇ ದಿನ ಅಳತೆ ಟೇಪು, ಒಂದು ಮರದ ತುಂಡು ಹಿಡಿದು ಬಂದರು. ಅರ್ಧ, ಕಾಲು, ಅರೆಕಾಲು ಎಂದು ಗೆರೆ ಎಳೆದು ಅವರು ಭಿನ್ನರಾಶಿ ಹೇಳಿಕೊಟ್ಟ ರೀತಿ ನನಗೂ ಹೊಸದು. ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಎಲ್ಲ ಮನೆಗಳ ಮಕ್ಕಳೂ ಬಂದರು. ಅಲ್ಲಿ ಧರ್ಮದ ಪಾಠ ಇರಲಿಲ್ಲ. ಅಜ್ಜಿಯರು ಬೇಯಿಸಿದ ಕಡಲೆಕಾಯಿ ತಂದು ಕೊಟ್ಟು, ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದರು.

ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಓದು ಬಿಟ್ಟು ಹೋಟೆಲ್ ಕೆಲಸಕ್ಕೆ ಹೊರಟಿದ್ದ. ಆ ಹಿರಿಯರು ಸಂಜೆ ಸಂಜೆ ಅವನ ಮನೆ ಬಾಗಿಲಿಗೆ ಹೋಗಿ ಕರೆತಂದರು. ಹುಡುಗ ಎಸ್‌ಎಸ್‌ಎಲ್‌ಸಿ ಪಾಸಾದ. ಎಲ್ಲರನ್ನೂ ಹೀಗೆ ಉಳಿಸಿಕೊಳ್ಳಲು ನಮ್ಮಿಂದ ಆಗಲಿಲ್ಲ. ಕೆಲವರು ಹೋಗಿಯೇಬಿಟ್ಟರು, ಅದು ಇಂದಿಗೂ ನೋವು.

ಹಿರಿಯರು ತೀರಿಕೊಂಡಾಗ ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಆ ಹುಡುಗನೂ ಇದ್ದ. ಅಂದು ನಾನು ಉದ್ದ ಪ್ರಸಂಗ ಮಾಡಲಿಲ್ಲ. "ಭೂಮಿಯ ಕೆಳಗೂ ಮೇಲೂ ಕುಸಿಯುವುದಕ್ಕೆ ಆಸರೆ ಕೊಟ್ಟವರು ಇವರು" ಎಂದಷ್ಟೇ ಹೇಳಿದೆ.

ಮೊಮ್ಮಗಳು ಕಥೆ ಮುಗಿಯುವವರೆಗೂ ಸುಮ್ಮನಿದ್ದಳು. "ಹಾಗಾದ್ರೆ ಆ ತಾತನಿಗೆ ಮತ್ತೆ ಕೆಲಸ ಸಿಕ್ತಾ?"

"ಸಂಬಳ ಸಿಗಲಿಲ್ಲ ಪುಟ್ಟಿ. ಕೆಲಸ ಸಿಕ್ತು."

ಅವಳು ಒಳಗೆ ಓಡಿದಳು. ಬರುವಾಗ ಕೈಯಲ್ಲಿ ಲೆಕ್ಕದ ಪುಸ್ತಕ ಮತ್ತು ಸ್ಕೇಲು. "ಸರಿ ತಾತಾ, ಇವತ್ತು ಭಾನುವಾರ ಅಲ್ಲ. ಭಿನ್ನರಾಶಿ ಹೇಳಿಕೊಡಿ."